ಮೇಸ್ತ್ರಿಯ ಮೂರನೇ ಹಂತ

ಮೇಸ್ತ್ರಿ ಕಟ್ಟಿದ ಮನೆಗಳಲ್ಲಿ ನಲ್ಲಿ ಸೋರಬಹುದು, ಬಾಗಿಲು ಕಿರುಗುಟ್ಟಬಹುದು, ಒಳಗಿದ್ದವರು ಮೂರು ಹೊತ್ತೂ ಕಿತ್ತಾಡಬಹುದು. ಗೋಡೆ ಮಾತ್ರ ಬಿರುಕು ಬಿಟ್ಟದ್ದಿಲ್ಲ. ಇದು ಅವರು ಹೇಳಿಕೊಳ್ಳುತ್ತಿದ್ದ ಮಾತಲ್ಲ, ಊರಿನವರದು. ಅವರು ಹೇಳಿಕೊಳ್ಳುತ್ತಿದ್ದದ್ದು ಇದಕ್ಕಿಂತ ಜಾಸ್ತಿ. ಅರವತ್ತಮೂರರ ವಯಸ್ಸಿನಲ್ಲೂ ಏಣಿ ಹತ್ತಿ, ಗಾರೆಯ ಮೇಲೆ ಅಂಗೈ ಆಡಿಸಿ, “ಇಲ್ಲೊಂದು ನೂಲು ಉಬ್ಬಿದೆ, ಕೆರೀರಿ” ಎಂದರೆ, ಮಟ್ಟಗೋಲು ಇಟ್ಟು ನೋಡಿದವರಿಗೆ ಅಲ್ಲಿ ನಿಜವಾಗಿಯೂ ನೂಲಿನಷ್ಟೇ ಉಬ್ಬು ಸಿಗುತ್ತಿತ್ತು.

ಸೊಸೆ ಮೇಸ್ತ್ರಿಯ ಮನೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಮಾವನ ಆ ಅಂಗೈ ಕಂಡರೆ ಅವಳಿಗೆ ಎಲ್ಲಿಲ್ಲದ ಗೌರವ, ಯಾಕೆಂದರೆ ಅವಳದೂ ಕಣ್ಣು ಕೈ ಎರಡೂ ತಪ್ಪಬಾರದ ಕೆಲಸ. ಪಾರ್ಸಲ್ ಗೋದಾಮಿನಲ್ಲಿ ಉದ್ದನೆಯ ಪಟ್ಟಿಯ ಮೇಲೆ ತೆವಳಿ ಬರುವ ಡಬ್ಬಗಳ ಸಂಖ್ಯೆ ಓದಿ, ಇದು ಈ ಚೀಲಕ್ಕೆ, ಇದು ಆ ಚೀಲಕ್ಕೆ ಎಂದು ಎಸೆಯುವುದು. ಮಾವ ಅವಳನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. “ಪಾರ್ಸಲಮ್ಮ, ಚಹಾ ಇದೆಯೇನಮ್ಮಾ, ಇಲ್ಲಾ ಅದನ್ನೂ ಬೇರೆ ಊರಿಗೆ ಕಳಿಸಿದ್ಯಾ?” ಎಂದು ಕೇಳುವುದೇ ಅವರ ಅಕ್ಕರೆ.

ಚಳಿಗಾಲದಲ್ಲಿ ಬಂದ ಕೆಮ್ಮು ಬೇಸಿಗೆ ಬಂದರೂ ಹೋಗಲಿಲ್ಲ. ಕಫದಲ್ಲಿ ಕೆಂಪು ಎಳೆ ಕಂಡ ದಿನ ಸೊಸೆಯೇ ಅವರನ್ನು ಆಸ್ಪತ್ರೆಗೆ ಎಬ್ಬಿಸಿಕೊಂಡು ಹೋದಳು. ಮೊದಲ ವಾರ ಎದೆಯ ಫೋಟೋ, ಎರಡನೇ ವಾರ ಗಂಟಲೊಳಗೆ ಕೊಳವೆ ಇಳಿಸಿ ಚೂರು ತೆಗೆದದ್ದು, ಮೂರನೇ ವಾರ ಇಡೀ ಮೈಯ ದೊಡ್ಡ ಸ್ಕ್ಯಾನ್. ಶ್ವಾಸಕೋಶದ ಕ್ಯಾನ್ಸರ್ ಎಂದು ಎರಡನೇ ವಾರವೇ ಗೊತ್ತಾಯಿತು. ಮೇಸ್ತ್ರಿ ಅದನ್ನು ಕೇಳಿ, “ಬಂದದ್ದು ಬಂತು, ಕೆಲಸ ಶುರು ಮಾಡಿ” ಎಂದಿದ್ದರು. ಅಷ್ಟಾದರೂ ಅನ್ನ ಮಾತ್ರ ಸೇರುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ತುತ್ತನ್ನು ಆ ಕಡೆಯಿಂದ ಈ ಕಡೆಗೆ ಸರಿಸಿ ಏಳುತ್ತಿದ್ದರು.

ಮೂರನೇ ವಾರದ ಕೊನೆಗೆ ಡಾಕ್ಟರಮ್ಮ ಎಲ್ಲರನ್ನೂ ಕರೆಸಿದರು. ಮೇಸ್ತ್ರಿ, ಅವರ ಹೆಂಡತಿಯಾದ ಅತ್ತೆ, ಸೊಸೆ ಮೂವರೂ ಹೋದರು. ಸೊಸೆಯ ಗಂಡ, ಅಂದರೆ ಮೇಸ್ತ್ರಿಯ ಒಬ್ಬನೇ ಮಗ, ಟೈಲ್ಸ್ ಹಾಕುವವನು. ಅವನಿಗೆ ಕೆಲಸ ಬಿಟ್ಟು ಬರಲಾಗಲಿಲ್ಲ ಎಂಬುದು ನೆಪ. ಅವನಿಗೆ ಆಸ್ಪತ್ರೆಯ ವಾಸನೆ ಬಂದರೇ ಕಾಲು ನಡುಗುತ್ತಿತ್ತು.

“ಈಗಿರೋ ಲೆಕ್ಕದಲ್ಲಿ ಇದು ಮೂರನೇ ಹಂತ. ಮೂರು ಬಿ,” ಎಂದರು ಡಾಕ್ಟರಮ್ಮ.

ಅತ್ತೆ ಕೈಚೀಲವನ್ನು ಎದೆಗೊತ್ತಿಕೊಂಡರು. ಮೇಸ್ತ್ರಿಯ ಮುಖ ಮಾತ್ರ ಮೂರು ವಾರದಲ್ಲಿ ಮೊದಲ ಸಲ ಅರಳಿತು.

“ಮೂರನೇ ಹಂತ! ಆಗ್ಲೇ?”

“ಹೌದು. ಸ್ವಲ್ಪ ತಡವಾಗಿ ಬಂದ್ರಿ.”

“ತಡ ಏನಿಲ್ಲ ತಾಯಿ. ಮೂರು ವಾರಕ್ಕೆ ಮೂರನೇ ಹಂತ ಅಂದ್ರೆ ಹುಡುಗಾಟವಾ?”

ಡಾಕ್ಟರಮ್ಮ ಅವರನ್ನು ಒಂದು ಕ್ಷಣ ನೋಡಿದರು. ಈ ಮನುಷ್ಯ ತನ್ನ ಕಷ್ಟವನ್ನೇ ತಮಾಷೆ ಮಾಡಿಕೊಳ್ಳುವ ಗಟ್ಟಿಗ ಎಂದು ಅವರಿಗೆ ಅನ್ನಿಸಿರಬೇಕು. ಹೊರಗೆ ಬೆಂಚಿನ ಮೇಲೆ ಇನ್ನೂ ಹತ್ತೊಂಬತ್ತು ಜನ ಕಾಯುತ್ತಿದ್ದರು. “ಗಡ್ಡೆ ಇರೋದು ಬಲಗಡೆ. ಆದ್ರೆ ಎದೆ ಮಧ್ಯದಿಂದ ಆಚೆ, ಎಡಗಡೆಗೆ, ಒಂದು ಗಂಟು ಸ್ಕ್ಯಾನಲ್ಲಿ ಹೊಳೀತಿದೆ. ಅಲ್ಲೀತನಕ ಹೋಗಿದ್ರೆ ಆಪರೇಷನ್ ಆಗಲ್ಲ. ಔಷಧಿ, ಕಿರಣ, ಅಷ್ಟೇ. ಆದ್ರೆ ಸ್ಕ್ಯಾನ್ ಒಂದನ್ನೇ ನಂಬ್ಕೊಂಡು ನಾನು ಬಾಗಿಲು ಹಾಕಲ್ಲ. ಆ ಗಂಟಿಂದ ಸೂಜೀಲಿ ಚೂರು ತೆಗೆದು ನೋಡೋಣ.”

“ಆಪರೇಷನ್ನೂ ಇಲ್ವಾ!” ಎಂದು ಮೇಸ್ತ್ರಿ ಎದ್ದು ನಿಂತು ಕೈಮುಗಿದರು.

ಏನಾಗಿದೆ ಎಂದು ಸೊಸೆಗೆ ಹೊಳೆದದ್ದು ಆಗ. ಮಾವನ ಕಸುಬಿನಲ್ಲಿ ಮನೆ ಏಳುವುದೇ ಹಂತ ಹಂತವಾಗಿ. ಮೊದಲನೆಯದು ಪಾಯ, ಎರಡನೆಯದು ಗೋಡೆ, ಮೂರನೆಯದು ತಾರಸಿ, ನಾಲ್ಕನೆಯದಕ್ಕೆ ಗಾರೆ, ಬಣ್ಣ, ಬೀಗದ ಕೈ. ನಲವತ್ತು ವರ್ಷ ಅವರು ಬೆಳಗ್ಗೆ ಎದ್ದು ಹಂತ ಎಂದದ್ದು ಇದಕ್ಕೇ. ಫೋಟೋ ಆಯಿತು, ಚೂರು ತೆಗೆದದ್ದಾಯಿತು, ದೊಡ್ಡ ಸ್ಕ್ಯಾನೂ ಆಯಿತು. ಹಾಗಾದರೆ ತಾರಸಿ ಬಿದ್ದ ಹಾಗೆಯೇ, ಇನ್ನೊಂದು ಹಂತ ದಾಟಿದರೆ ಬೀಗದ ಕೈ ಕೈಗೆ ಬಂತು, ಕಾಯಿಲೆ ಮುಗಿಯಿತು ಎಂದು ಅವರು ಲೆಕ್ಕ ಹಾಕಿಕೊಂಡಿದ್ದರು. ಓದಿದವರು ಯಾರೂ ಮಾಡಲಾರದ ತಪ್ಪು. ಮನೆ ಕಟ್ಟಿದವರು ಮಾತ್ರ ಮಾಡಬಹುದು.

ಹೊರಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಸೊಸೆ, “ಮಾವ, ಅದು ಹಾಗಲ್ಲ—” ಎಂದು ಬಾಯಿ ತೆರೆದಳು. ಅತ್ತೆ ಅವಳ ಮಣಿಕಟ್ಟನ್ನು ಹಿಡಿದರು. ಬಟ್ಟೆ ಹಿಂಡಿ ಹಿಂಡಿ ಗಟ್ಟಿಯಾದ ಕೈ ಅದು. “ಬೇಡ,” ಎಂದರು, ತುಟಿಯಷ್ಟೇ ಆಡಿಸಿ.

ಮೇಸ್ತ್ರಿ ಮುಂದೆ ಹೋಗಿ ಲಿಫ್ಟಿನ ಪಕ್ಕದ ಗೋಡೆಯನ್ನು ಅಂಗೈಯಿಂದ ಸವರಿ, “ಯಾವ ಪುಣ್ಯಾತ್ಮ ಗಾರೆ ಮಾಡಿದ್ನೋ, ಅಲೆ ಎದ್ದ ಹಂಗಿದೆ,” ಎಂದು ಗೊಣಗಿದರು. ಮೂರು ವಾರದಲ್ಲಿ ಅವರು ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿದ್ದೂ ಅದೇ ಮೊದಲು.

ಆ ಸಂಜೆ ಅವರು ಎರಡು ಸಲ ಅನ್ನ ಹಾಕಿಸಿಕೊಂಡರು. ಬೇಯಿಸಿದ ಮೊಟ್ಟೆಯೊಂದನ್ನು ಮೊಮ್ಮಗಳ ತಟ್ಟೆಯಿಂದ ಕದ್ದರು. ಅತ್ತೆ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತರು. ಸೊಸೆಯೂ ಹಿಂದೆ ಹೋದಳು.

“ಅತ್ತೆ, ನಾಳೆ ಗೊತ್ತಾದ್ರೆ?”

“ನಾಳೆ ನಾಳೆಗಿರ್ಲಿ. ಇವತ್ತು ಉಂಡ್ರಲ್ಲ.”

“ಸುಳ್ಳು ಹೇಳಿದ ಹಾಗಾಗುತ್ತೆ.”

“ಯಾರು ಹೇಳಿದ್ರು ಸುಳ್ಳು? ನೀನು ಹೇಳಿದ್ಯಾ? ನಾನು ಹೇಳಿದ್ನಾ? ಅವರೇ ಹಾಗಂದ್ಕೊಂಡ್ರು. ನನ್ನಣ್ಣಂಗೆ ಇದೇ ಬಂದಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದ್ರು. ಹೇಳಿದ ದಿನ ಗೋಡೆ ಕಡೆ ತಿರುಗಿ ಮಲಗಿದೋನು ಮತ್ತೆ ಈ ಕಡೆ ತಿರುಗ್ಲಿಲ್ಲ. ನಿನ್ನ ಸತ್ಯ ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?”

ಅತ್ತೆಯ ಮಾತಿನಲ್ಲಿ ಮೊಂಡುತನವಿದ್ದರೂ ಅದರ ಕೆಳಗೆ ಇದ್ದದ್ದು ಬರೀ ಭಯ, ಮತ್ತು ಆ ಭಯದಲ್ಲಿ ಇದ್ದದ್ದು ಬರೀ ಪ್ರೀತಿ. ಅವಳೂ ಸುಮ್ಮನಾದಳು. ಮುಂದೆ ಅವಳಿಗೆ ತನ್ನ ಮೇಲೆ ಸಿಟ್ಟು ಬಂದದ್ದು ಈ ಸುಮ್ಮನಾದದ್ದಕ್ಕೇ.

ಆದರೆ ಅರ್ಥವಾಗದ ಸಂಖ್ಯೆಯನ್ನು ಹಾಗೇ ಬಿಡುವ ಹೆಂಗಸಲ್ಲ ಅವಳು. ರಿಪೋರ್ಟಿನ ಮೂಲೆಯಲ್ಲಿ “ಟಿ 2ಬಿ, ಎನ್ 3, ಎಂ 0” ಎಂದು ಬರೆದಿತ್ತು. ಮರುದಿನ ಪಾಳಿ ಮುಗಿಸಿ ಆಸ್ಪತ್ರೆಗೆ ಹೋಗಿ, ಊಟದ ಡಬ್ಬಿ ಬಿಚ್ಚುತ್ತಿದ್ದ ನರ್ಸಮ್ಮನ ಪಕ್ಕ ಕೂತಳು. ನರ್ಸಮ್ಮ ಚಮಚದಿಂದಲೇ ತೋರಿಸಿ ತೋರಿಸಿ ಹೇಳಿದರು. ಟಿ ಅಂದರೆ ಗಡ್ಡೆ ತಾನಿರುವ ಜಾಗದಲ್ಲಿ ಎಷ್ಟು ದೊಡ್ಡದು. ಇವರದು ನಾಲ್ಕೂವರೆ ಸೆಂಟಿಮೀಟರ್. ಎನ್ ಅಂದರೆ ಎಲ್ಲರ ಎದೆಯಲ್ಲೂ ಇರುವ ಲಿಂಫ್ ಗಂಟುಗಳಲ್ಲಿ ಯಾವುದರವರೆಗೆ ಹೋಗಿದೆ: ಸೊನ್ನೆಯಾದರೆ ಎಲ್ಲಿಗೂ ಇಲ್ಲ, ಒಂದಾದರೆ ಅದೇ ಶ್ವಾಸಕೋಶದ ಬುಡಕ್ಕೆ, ಎರಡಾದರೆ ಎದೆಯ ನಡುವೆ ಅದೇ ಪಕ್ಕಕ್ಕೆ, ಮೂರಾದರೆ ಆಚೆ ಪಕ್ಕಕ್ಕೆ. ಎಂ ಅಂದರೆ ಮೂಳೆ, ಮೆದುಳು, ಲಿವರ್, ಹೀಗೆ ದೂರದ ಊರು. ಮೂರನ್ನೂ ಸೇರಿಸಿ ಓದಿದಾಗ ಹಂತ ಸಿಗುತ್ತದೆ.

“ಅಯ್ಯೋ, ನಮ್ಮ ಪಾರ್ಸಲ್ಲಿನ ಪಿನ್ ಸಂಖ್ಯೆ ಹಾಗೇನೇ!” ಎಂದಳು ಸೊಸೆ. “ಮನೆ, ಪಕ್ಕದ ಬೀದಿ, ಪರವೂರು.”

ನರ್ಸಮ್ಮ ನಕ್ಕು, “ಇಪ್ಪತ್ತು ವರ್ಷದಿಂದ ಹೇಳ್ತಿದ್ದೀನಿ, ಇಷ್ಟು ಬೇಗ ಯಾರೂ ಹಿಡಿದಿರ್ಲಿಲ್ಲ,” ಎಂದರು.

ಸೊಸೆ ಗಂಡನಿಗೂ ಇದನ್ನೆಲ್ಲ ವಿವರಿಸಿದಳು. ಆ ಒಂದು ಗಂಟಿನಲ್ಲಿ ಕಾಯಿಲೆ ಇಲ್ಲವೆಂದಾದರೆ ಎನ್ ಮೂರು ಹೋಗಿ ಸೊನ್ನೆಯಾಗುತ್ತದೆ, ಆಗ ಆಪರೇಷನ್ ಮಾಡಿ ಗಡ್ಡೆ ತೆಗೆಯಬಹುದು, ಎಲ್ಲವೂ ನಿಂತಿರುವುದು ಆ ಸೂಜಿಯ ಮೇಲೆ ಎಂದಳು. ಅವನು ಬೆರಳ ಸಂದಿಯಲ್ಲಿ ಒಣಗಿದ್ದ ಬಿಳಿ ಸಿಮೆಂಟನ್ನು ಕೆರೆಯುತ್ತ ಕೇಳಿಸಿಕೊಂಡ.

“ಮಾವಂಗೆ ಹೇಳ್ಬೇಕು ರೀ.”

“ಅಪ್ಪ ನಗ್ತಿದ್ದಾರೆ. ಊಟ ಮಾಡ್ತಿದ್ದಾರೆ. ನೀನು ಹೋಗಿ ಅದನ್ನ ಕಿತ್ಕೋತೀಯಾ?”

“ವಿಳಾಸ ತಪ್ಪಿದ ಪಾರ್ಸಲ್ಲು ಇವತ್ತಲ್ಲ ನಾಳೆ ವಾಪಸ್ ಬಂದೇ ಬರುತ್ತೆ.”

“ಬರ್ಲಿ. ಬಂದಾಗ ನೋಡ್ಕೊಳ್ಳೋಣ.”

“ನೋಡ್ಕೊಳ್ಳೋರು ಯಾರು? ನೀವಾ? ನೀವು ಆಸ್ಪತ್ರೆ ಗೇಟಿನ ಒಳಗೆ ಕಾಲಿಟ್ಟಿಲ್ಲ!”

ಗಂಡ ಮುಖ ಗಂಟಿಕ್ಕಿಕೊಂಡು ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಉಪ್ಪು ಕೇಳುವ ನೆಪದಲ್ಲಿ ಮಾತಾಡಿದ.

ಇತ್ತ ಮೇಸ್ತ್ರಿಯನ್ನು ಹಿಡಿಯುವವರೇ ಇಲ್ಲ. ಅಡುಗೆಮನೆಯ ಕಟ್ಟೆಯ ಮುರಿದ ಅಂಚನ್ನು ಕೆಮ್ಮುತ್ತ ಕೆಮ್ಮುತ್ತಲೇ ಕಟ್ಟಿ ಮುಗಿಸಿದರು. ಬೀದಿಯಲ್ಲಿ ಸಿಕ್ಕವರಿಗೆಲ್ಲ, “ಮೂರನೇ ಹಂತಕ್ಕೆ ಬಂದಿದ್ದೀನಪ್ಪ, ಇನ್ನೊಂದು ಮುಗಿದ್ರೆ ಆಯ್ತು,” ಎಂದು ಹೇಳಿದರು. ಒಂದು ಮಧ್ಯಾಹ್ನ ಸಿಮೆಂಟ್ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತ, “ಆ ಅಂಗಡಿಯವನಿಗೆ ಏನಾಗಿದೆಯೋ,” ಎಂದರು. “ಮೂರನೇ ಹಂತ ಅಂದೆ. ನನ್ನ ಕೈ ಹಿಡ್ಕೊಂಡು ಅತ್ಬಿಟ್ಟ. ವಯಸ್ಸಾಯ್ತು ಪಾಪ, ಸಂತೋಷಾನೂ ತಡ್ಕೊಳ್ಳಕ್ಕಾಗಲ್ಲ.”

ಯಾರೂ ತಲೆ ಎತ್ತಲಿಲ್ಲ. ಹದಿಮೂರರ ಮೊಮ್ಮಗಳು ಮಾತ್ರ ಪುಸ್ತಕ ಮುಚ್ಚಿ ತಾಯಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

“ಅಮ್ಮ, ನಮ್ಮ ಟೀಚರ್ ಗಂಡಂಗೆ ನಾಲ್ಕನೇ ಹಂತ ಇತ್ತು. ಅವರು ಹೋಗ್ಬಿಟ್ರು. ತಾತ ನಾಲ್ಕು ಬರ್ಲಿ ಅಂತ ಕಾಯ್ತಿದ್ದಾರೆ.”

“ಗೊತ್ತು.”

“ಗೊತ್ತಿದ್ದೂ ಹೇಳಲ್ವಾ? ನಾನು ಲೆಕ್ಕದಲ್ಲಿ ತಪ್ಪು ಮಾಡಿದ್ರೆ ತಾತ ಬಿಡ್ತಾರಾ?”

ಸೊಸೆ ಒಣಗಿದ ಬಟ್ಟೆಗಳನ್ನು ಮಗಳ ತೋಳಿಗೆ ಹೊರಿಸಿ ಒಳಗೆ ಕಳಿಸಿದಳು. ಮಕ್ಕಳ ಪ್ರಶ್ನೆಗೆ ಕೆಲಸ ಹಚ್ಚುವುದು ಎಲ್ಲ ತಾಯಂದಿರಿಗೂ ಗೊತ್ತಿರುವ ಉಪಾಯ. ಅವಳಿಗೆ ಅಂದು ಅದರಿಂದ ಸಮಾಧಾನವಾಗಲಿಲ್ಲ.

ಮುಂದಿನ ವಾರ ಮತ್ತೆ ಕೊಳವೆ ಇಳಿಸಿ, ಅದರೊಳಗಿನ ಸೂಜಿಯಿಂದ ಎಡಗಡೆಯ ಗಂಟನ್ನು ಚುಚ್ಚಿ ಚೂರು ತೆಗೆದರು. ಫಲಿತಾಂಶಕ್ಕೆ ಆರು ದಿನ. ಆ ಆರು ದಿನ ಸೊಸೆ ಗೋದಾಮಿನಲ್ಲಿ ಎರಡು ಸಲ ಚೀಲ ತಪ್ಪಿಸಿ, ಮೇಲ್ವಿಚಾರಕನಿಂದ ಬೈಸಿಕೊಂಡಳು. ಅಲ್ಲಿ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ಅವಳು ಚೀಲ ತಪ್ಪಿಸಿದ್ದಿಲ್ಲ.

ಏಳನೇ ದಿನ ಡಾಕ್ಟರಮ್ಮನ ಮುಖ ನೋಡಿದ ಕೂಡಲೇ ಒಳ್ಳೆಯ ಸುದ್ದಿ ಎಂದು ಅವಳಿಗೆ ತಿಳಿಯಿತು.

“ಆ ಗಂಟಲ್ಲಿ ಕ್ಯಾನ್ಸರ್ ಇಲ್ಲ,” ಎಂದರು ಡಾಕ್ಟರಮ್ಮ. “ಬರೀ ಕಲ್ಲಿನ ಧೂಳು. ಎಷ್ಟೋ ವರ್ಷದ್ದು ಹೋಗಿ ಕೂತಿದೆ. ಸ್ಕ್ಯಾನಿಗೆ ಅದೂ ಹೊಳೆಯುತ್ತೆ. ಮುಂಚೆ ಕಲ್ಲು ಕೊಯ್ತಿದ್ರಾ?”

“ಹುಡುಗನಾಗಿದ್ದಾಗ, ಹತ್ತು ವರ್ಷ. ಮೂಗಿಗೆ ಬಟ್ಟೆ ಕಟ್ಕೊಂಡ್ರೆ ಜೊತೆಯವರು ನಗ್ತಿದ್ರು.”

“ಹಂತಾನ ತಿದ್ದಿದ್ದೀನಿ. ಮೂರು ಬಿ ಹೋಗಿ ಎರಡು ಎ ಆಯ್ತು. ಆಪರೇಷನ್ ಮಾಡ್ಬಹುದು. ಮುಂದಿನ ಗುರುವಾರ ಜಾಗ ಇದೆ.”

ಅತ್ತೆ ಕೈಚೀಲ ಬಿಟ್ಟು ಎರಡೂ ಕೈ ಮುಗಿದರು. ಸೊಸೆಯ ಕಣ್ಣಲ್ಲಿ ನೀರು ತುಂಬಿತು. ಮೇಸ್ತ್ರಿಯ ಮುಖ ಮಾತ್ರ ಕಪ್ಪಿಟ್ಟಿತು.

“ಎರಡಾ? ಮೂರು ಅಂದಿದ್ರಲ್ಲ ತಾಯಿ?”

“ಅಂದಿದ್ದೆ. ಈಗ ಎರಡು.”

“ಒಂದು ಹಂತ ಕೆಡವಿ ಹಾಕಿ, ನಗ್ತಾ ಹೇಳ್ತೀರಲ್ಲ! ನಮ್ಮ ಕೆಲಸದಲ್ಲಿ ಹಾಕಿದ ತಾರಸಿ ಕಿತ್ತು ಮತ್ತೆ ಗೋಡೆಗೆ ಬಂದೆ ಅಂದ್ರೆ ಯಜಮಾನ ಇಟ್ಟಿಗೆ ತಗೊಂಡು ಹೊಡೀತಾನೆ. ಅವತ್ತು ಆಪರೇಷನ್ ಇಲ್ಲ ಅಂದ್ರಿ, ಇವತ್ತು ಕೊಯ್ತೀನಿ ಅಂತೀರಿ. ನಿಮಗೆ ಅಳತೆನೇ ಬರಲ್ವಾ?” ಎಂದವರೇ ಎದ್ದು, ಬಾಗಿಲನ್ನು ಗೋಡೆಗೆ ಬಡಿಯುವಂತೆ ತಳ್ಳಿ ಹೊರಟುಹೋದರು. ಅತ್ತೆ ಹಿಂದೆಯೇ ಓಡಿದರು.

ಡಾಕ್ಟರಮ್ಮ ಸೊಸೆಯ ಕಡೆ ತಿರುಗಿದರು. “ಹಂತ ಅಂದ್ರೆ ಏನು ಅಂತ ಅವರಿಗೆ ಯಾರೂ ಹೇಳಿಲ್ವಾ?”

ಸೊಸೆ ಎಲ್ಲವನ್ನೂ ಹೇಳಿದಳು. ಪಾಯದಿಂದ ಬೀಗದ ಕೈವರೆಗೆ. ಡಾಕ್ಟರಮ್ಮ ಹಣೆ ಒತ್ತಿಕೊಂಡು, “ನಾನೂ ಅವತ್ತೇ ಕೇಳ್ಬೇಕಿತ್ತು. ತಮಾಷೆ ಅಂದ್ಕೊಂಡೆ,” ಎಂದರು. “ಸೋಮವಾರದ ತನಕ ಆ ಜಾಗ ಬೇರೆಯವರಿಗೆ ಕೊಡಲ್ಲ. ತಡ ಮಾಡಿದ್ರೆ ಗಡ್ಡೆ ನಮಗೋಸ್ಕರ ಕಾಯಲ್ಲ. ನಾನು ಹೇಳ್ಲಾ, ನೀವು ಹೇಳ್ತೀರಾ?”

“ನಾನೇ ಹೇಳ್ತೀನಿ, ಮೇಡಂ. ತಪ್ಪು ಬೆಳೆಯಕ್ಕೆ ಬಿಟ್ಟೋರು ನಾವು.”

ಆ ಸಂಜೆ ಮೇಸ್ತ್ರಿ ತಟ್ಟೆ ಮುಟ್ಟಲಿಲ್ಲ. “ಗುರುವಾರನೂ ಇಲ್ಲ, ಶನಿವಾರನೂ ಇಲ್ಲ. ಅಳತೆ ಗೊತ್ತಿಲ್ಲದೋರ ಕೈಗೆ ನನ್ನೆದೆ ಕೊಡಲ್ಲ,” ಎಂದು ಹೇಳಿ ಎದ್ದರು. ಅವರ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಊಟದ ಮೇಜಿನ ಸುತ್ತ ಜಗಳ ಹತ್ತಿಕೊಂಡಿತು, ತಗ್ಗಿದ ದನಿಯಲ್ಲಿ.

“ನಾಳೆ ಹೇಳ್ತೀನಿ ಅತ್ತೆ.”

“ನನ್ನ ಹೆಣದ ಮೇಲೆ ಹೇಳು.”

“ಸೋಮವಾರ ದಾಟಿದ್ರೆ ಏನಾಗುತ್ತೆ ಗೊತ್ತಲ್ಲ?”

“ಬೇರೆ ಏನಾದ್ರೂ ಹೇಳಿ ಒಪ್ಸು. ಡಾಕ್ಟರು ಹೊಸ ಥರ ಎಣಿಸ್ತಾರೆ ಅನ್ನು. ಯಂತ್ರ ಕೆಟ್ಟಿತ್ತು ಅನ್ನು.”

“ಒಂದು ಬಿರುಕು ಮುಚ್ಚಕ್ಕೆ ಇನ್ನೊಂದು ಬಿರುಕಾ? ಅತ್ತೆ, ಅವರು ಹೆದರ್ಕೊಂಡು ಬೇಡ ಅಂತಿಲ್ಲ. ತಪ್ಪು ತಿಳ್ಕೊಂಡು ಬೇಡ ಅಂತಿದ್ದಾರೆ. ಗೊತ್ತಿದ್ದೂ ಬೇಡ ಅಂದ್ರೆ ಅವರಿಷ್ಟ. ಗೊತ್ತಿಲ್ದೆ ಬೇಡ ಅಂದ್ರೆ, ಬೇಡ ಅಂದಿದ್ದು ಅವರಲ್ಲ, ನಾವು.”

ಗಂಡ ಅಷ್ಟು ಹೊತ್ತು ಬ್ರೆಡ್ಡಿನ ತುಂಡನ್ನು ಪುಡಿ ಮಾಡುತ್ತ ಕೂತಿದ್ದವನು, “ಅಮ್ಮ, ಹೇಳ್ಲಿ ಬಿಡು,” ಎಂದ. ಅತ್ತೆ ಮಗನನ್ನೂ ಸೊಸೆಯನ್ನೂ ನೋಡಿದರು. ಆಮೇಲೆ ಎದ್ದು ಮೇಸ್ತ್ರಿ ಮುಟ್ಟದೆ ಬಿಟ್ಟ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟರು. ಬೇಡ ಎಂದು ಮಾತ್ರ ಮತ್ತೆ ಹೇಳಲಿಲ್ಲ.

ಮರುದಿನ ಬೆಳಗ್ಗೆ ಮೇಸ್ತ್ರಿ ಸಿಟ್ಟು ಇಳಿಸಿಕೊಳ್ಳಲು ಮಗ ಟೈಲ್ಸ್ ಹಾಕುತ್ತಿದ್ದ ಹೊಸ ಕಟ್ಟಡಕ್ಕೆ ಹೋಗಿದ್ದರು. ಪಾಳಿ ಮುಗಿದ ಮೇಲೆ ಸೊಸೆ ಅಲ್ಲಿಗೇ ಹೋದಳು. ಅವರು ಹಿಡಿಯುವ ಕಂಬಿ ಇಲ್ಲದ ಮೆಟ್ಟಿಲಿನ ಮೇಲೆ, ಮೂರನೇ ಮೆಟ್ಟಿಲಿನಲ್ಲಿ ಕೂತಿದ್ದರು. ಕೆಮ್ಮು ಜಾಸ್ತಿಯಾಗಿತ್ತು.

“ಮಾವ, ನಾನೊಂದು ಮಾತು ಹೇಳ್ಬೇಕು. ತಡವಾಗಿ ಹೇಳ್ತಿದ್ದೀನಿ, ಬೈಯೋದಾದ್ರೆ ಪೂರ್ತಿ ಕೇಳಿ ಆಮೇಲೆ ಬೈರಿ.”

“ಹೇಳು ಪಾರ್ಸಲಮ್ಮ.”

“ಆಸ್ಪತ್ರೇಲಿ ಹಂತ ಅಂದ್ರೆ ಕೆಲಸದ ಹಂತ ಅಲ್ಲ. ಕಾಯಿಲೇದು. ನೀವು ಎಷ್ಟು ವಾಸಿಯಾದ್ರಿ ಅಂತ ಅಲ್ಲ, ಅದು ಎಷ್ಟು ದೂರ ಹೋಗಿದೆ ಅಂತ. ಒಂದು ಅಂದ್ರೆ ಚಿಕ್ಕದು, ಇದ್ದಲ್ಲೇ ಇದೆ. ಎರಡು ಅಂದ್ರೆ ಬೆಳೆದಿದೆ, ಇಲ್ಲಾ ಪಕ್ಕದ ಗಂಟಿಗೆ ಹೋಗಿದೆ. ಮೂರು ಅಂದ್ರೆ ಎದೆ ಮಧ್ಯಕ್ಕೋ, ಆಚೆ ಪಕ್ಕಕ್ಕೋ ದಾಟಿದೆ.”

ಮೇಸ್ತ್ರಿ ಅವಳನ್ನೇ ನೋಡುತ್ತಿದ್ದರು.

“ನಾಲ್ಕು?”

ಅವಳು ಅವರ ಪಕ್ಕದಲ್ಲೇ ಕೂತಳು. “ನಾಲ್ಕು ಅಂದ್ರೆ ಮನೆ ಬಿಟ್ಟು ದೂರದ ಊರಿಗೆಲ್ಲ ಹೋಗಿದೆ ಅಂತ. ಮೂಳೆಗೆ, ಮೆದುಳಿಗೆ. ಆಮೇಲೆ ತೆಗೆದು ಹಾಕೋದು ಕಷ್ಟ.”

ಒಳಗಿನ ಕೋಣೆಯಲ್ಲಿ ಟೈಲ್ಸ್ ಕತ್ತರಿಸುತ್ತಿದ್ದ ಯಂತ್ರ ನಿಂತಿತು. ಗಂಡ ಬಾಗಿಲ ಚೌಕಟ್ಟಿಗೆ ಬಂದು ನಿಂತಿದ್ದ.

“ನಾನು ನಾಲ್ಕು ಬರ್ಲಿ ಅಂತಿದ್ದೆ,” ಎಂದರು ಮೇಸ್ತ್ರಿ.

“ಹೌದು ಮಾವ.”

“ನಿಂಗೆ ಯಾವತ್ತಿಂದ ಗೊತ್ತು?”

“ಮೊದಲನೇ ದಿನದಿಂದ.”

“ನಿಮ್ಮತ್ತೆಗೆ?”

“ಎಲ್ರಿಗೂ ಗೊತ್ತು. ಮೊಮ್ಮಗಳಿಗೂ.”

ಸೊಸೆ ಬೈಗುಳಕ್ಕೆ ಕಾದಳು. ಅತ್ತೆ ಹೇಳಿದ ಹಾಗೆ ಅವರು ಈಗ ಗೋಡೆ ಕಡೆ ತಿರುಗಿಬಿಡುತ್ತಾರೋ ಎಂದು ಅವಳಿಗೆ ಹೆದರಿಕೆಯಾಗಿತ್ತು. ಮೇಸ್ತ್ರಿ ಮೆಟ್ಟಿಲಿನ ಸಿಮೆಂಟಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಸವರಿದರು.

“ನಾನು ಬಿರುಕಿಗೆ ಬಣ್ಣ ಹೊಡೆದು ಯಾರಿಗೂ ಮನೆ ಕೊಟ್ಟೋನಲ್ಲ,” ಎಂದರು. “ನನ್ನ ಮನೆಯೋರೇ ನನಗೆ ಕೊಟ್ರಲ್ಲಮ್ಮಾ. ನಾನು ಊರೆಲ್ಲ ಡಂಗೂರ ಹೊಡ್ಕೊಂಡು ಬಂದೆ. ಆ ಅಂಗಡಿಯೋನು ಅತ್ತಿದ್ದಕ್ಕೆ ವಯಸ್ಸಾಯ್ತು ಅಂದೆ.”

“ತಪ್ಪಾಯ್ತು ಮಾವ. ಅತ್ತೇದಲ್ಲ, ನಂದು. ಅವರಿಗೆ ಭಯ ಇತ್ತು. ನಂಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ.”

ಅವರು ಹಣೆ ಸುಕ್ಕುಗಟ್ಟಿಸಿ ಒಳಗೊಳಗೇ ಏನನ್ನೋ ಕೂಡಿಸಿದರು, ಕಳೆದರು. ಆಮೇಲೆ ಥಟ್ಟನೆ ತಲೆ ಎತ್ತಿದರು.

“ಹಾಗಾದ್ರೆ ಮೂರರಿಂದ ಎರಡಕ್ಕೆ ಬಂದದ್ದು...”

“ಒಳ್ಳೇದು ಮಾವ. ಬಹಳ ಒಳ್ಳೇದು. ಆ ಗಂಟಲ್ಲಿದ್ದದ್ದು ಬರೀ ನಿಮ್ಮ ಕಲ್ಲಿನ ಧೂಳು. ಅದಕ್ಕೇ ಆಪರೇಷನ್ ಮಾಡ್ಬಹುದು ಅಂದ್ರು. ಅವತ್ತು ಆಗಲ್ಲ ಅಂದಿದ್ದು ಬೇಕಾಗಿಲ್ಲ ಅಂತ ಅಲ್ಲ, ಮಾಡಕ್ಕಾಗಲ್ಲ ಅಂತ.”

“ಅಯ್ಯಯ್ಯೋ!” ಮೇಸ್ತ್ರಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. “ಆ ಡಾಕ್ಟರಮ್ಮನಿಗೆ ಅಳತೆ ಬರಲ್ವಾ ಅಂದ್ನಲ್ಲೇ! ಸ್ಕ್ಯಾನ್ ನೋಡಿ ಸುಮ್ಮನಾಗದೆ ಚುಚ್ಚಿ ನೋಡಿದ ಮಹಾತಾಯಿ! ಕಣ್ಣಳತೆ ನಂಬದೆ ದಾರದ ತೂಗುಗುಂಡು ಇಳಿಬಿಟ್ಟು ನೋಡಿದೋಳು! ಅವಳಿಗೆ ನಾನು...”

ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು. ಮಗ ಓಡಿಬಂದು ಬೆನ್ನು ಸವರಿದ. ಕೆಮ್ಮು ನಿಂತ ಮೇಲೆ ಮೇಸ್ತ್ರಿ ಮಗನನ್ನು ನೋಡಿ, “ಲೋ, ಸೋಮವಾರ ನೀನೂ ಬಾ. ಕಾಲು ನಡುಗಿದ್ರೆ ನಡುಗ್ಲಿ, ನಂದೂ ನಡುಗುತ್ತೆ,” ಎಂದರು. ಸೊಸೆ ಆ ಮನುಷ್ಯನನ್ನು ಹದಿನಾಲ್ಕು ವರ್ಷದಿಂದ ಕಂಡಿದ್ದಳು. ಕೇಳಬಾರದ್ದನ್ನು ಕೇಳಿದ ಹತ್ತು ನಿಮಿಷದೊಳಗೆ ತನ್ನ ತಪ್ಪಿಗೆ ತಾನೇ ನಾಚಿಕೊಂಡು, ಇನ್ನೊಬ್ಬರ ಕೆಲಸವನ್ನು ಮೆಚ್ಚಿದ್ದನ್ನು ನೋಡಿ, ಇಂಥವರ ಕೈಕೆಳಗೆ ತನ್ನ ಮಗಳು ಬೆಳೆಯುತ್ತಿದ್ದಾಳಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು.

ಅತ್ತೆಗೆ ಆ ಸಂಜೆ ಅವರು ಬೈಯಲಿಲ್ಲ. ಅಂದೂ ತಮಗಾಗಿ ಮುಚ್ಚಿಟ್ಟಿದ್ದ ತಟ್ಟೆ ತೆಗೆದು, ತಣ್ಣಗಿದ್ದುದನ್ನೇ ಉಂಡು, “ನಿಮ್ಮಣ್ಣನ ಹಾಗೆ ನಾನು ಗೋಡೆ ಕಡೆ ತಿರುಗೋನಲ್ಲ ಕಣೇ. ತಿರುಗಿದ್ರೂ ಗಾರೆ ಸರಿಯಿದೆಯಾ ಅಂತ ನೋಡಕ್ಕೆ ತಿರುಗೋನು,” ಎಂದರು. ಅತ್ತೆ ಅಳುತ್ತಲೇ ನಕ್ಕರು.

ಸೋಮವಾರ ನಾಲ್ವರೂ ಹೋದರು. ಮೇಸ್ತ್ರಿ ಡಾಕ್ಟರಮ್ಮನ ಮುಂದೆ ನಿಂತು, “ಗೊತ್ತಿಲ್ದೆ ಮಾತಾಡ್ದೆ, ಮನಸ್ಸಿಗೆ ಹಚ್ಕೋಬೇಡಿ,” ಎಂದರು. “ಕೊಯ್ರಿ. ಆದ್ರೆ ಒಂದು ಮಾತು. ಇನ್ಮೇಲೆ ಏನೇ ಬರ್ಲಿ, ಮೊದ್ಲು ನನಗೇ ಹೇಳ್ಬೇಕು. ನಿಮ್ಮ ಕಾಗದದ ಭಾಷೆ ನನಗಾಗಲ್ಲ. ಈ ನನ್ನ ಸೊಸೆ ಓದ್ತಾಳೆ.”

“ಆಗ್ಲಿ. ನಾನೂ ಒಂದು ಹೇಳ್ತೀನಿ,” ಎಂದರು ಡಾಕ್ಟರಮ್ಮ. “ಈ ಎರಡು ಎ ಅನ್ನೋದು ಹೊರಗಿಂದ ನೋಡಿದ್ದು. ತೆಗೆದ ಭಾಗಾನ ಪರೀಕ್ಷೆ ಮಾಡಿದ ಮೇಲೇ ನಿಜವಾದ ಹಂತ. ಏರ್ಲೂಬಹುದು.”

“ಗೋಡೆ ಒಡೆದ್ಮೇಲೇ ತಾನೆ ಒಳಗಿನ ಇಟ್ಟಿಗೆ ಕಾಣೋದು,” ಎಂದರು ಮೇಸ್ತ್ರಿ.

ಗುರುವಾರ ನಾಲ್ಕು ಗಂಟೆ ಹೊತ್ತು ಆಪರೇಷನ್ ನಡೆಯಿತು. ಬಲ ಶ್ವಾಸಕೋಶದ ಮೂರು ಭಾಗಗಳಲ್ಲಿ ಮೇಲಿನದನ್ನು ತೆಗೆದರು. ಮಗ ನಾಲ್ಕೂ ಗಂಟೆ ಆಸ್ಪತ್ರೆಯೊಳಗೇ ಇದ್ದ; ಎರಡು ಸಲ ತಲೆಸುತ್ತು ಬಂದು ಬೆಂಚಿನ ಮೇಲೆ ಮಲಗಿದರೂ ಹೊರಗೆ ಹೋಗಲಿಲ್ಲ. ಮೇಸ್ತ್ರಿ ಎಚ್ಚರವಾದ ಮೇಲೆ ಆಡಿದ ಮೊದಲ ಮಾತು, “ಮೇಲಿನ ಅಂತಸ್ತು ಕೆಡವಿದ್ರಂತೆ. ಕೆಳಗಿನ ಎರಡರಲ್ಲಿ ಸಂಸಾರ ಸಾಗುತ್ತೆ.”

ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಹತ್ತು ದಿನ ಅತ್ತೆ ಗಂಜಿ, ಸೊಪ್ಪಿನ ರಸ, ಮೆತ್ತಗೆ ಬೆಂದ ಆಲೂಗಡ್ಡೆ ಎಂದು ಒಲೆ ಆರಿಸದೆ ದುಡಿದರು. ಮೊಮ್ಮಗಳು ಗಂಟೆಗೊಮ್ಮೆ, ಉಸಿರು ಎಳೆದರೆ ಮೂರು ಚೆಂಡು ಮೇಲೇರುವ ಪ್ಲಾಸ್ಟಿಕ್ ಡಬ್ಬಿಯನ್ನು ತಾತನ ಬಾಯಿಗೆ ಹಿಡಿದು, “ಇನ್ನೊಂದು ಸಲ. ಕಳ್ಳಾಟ ಬೇಡ,” ಎಂದು ಗದರಿಸಿದಳು. ಮೊದಲ ದಿನ ಒಂದು ಚೆಂಡೂ ಅಲ್ಲಾಡಲಿಲ್ಲ. ಒಂಬತ್ತನೇ ದಿನ ಎರಡು ಏರಿ ನಿಂತವು.

ಹನ್ನೊಂದನೇ ದಿನ ಸೊಸೆ ಆಸ್ಪತ್ರೆಯಿಂದ ಅಂಟಿಸಿದ ಲಕೋಟೆ ತಂದಳು. ದಾರಿಯಲ್ಲಿ ಒಡೆದು ನೋಡಲಿಲ್ಲ. ಎಲ್ಲರೂ ಮೇಸ್ತ್ರಿಯ ಮಂಚದ ಸುತ್ತ ಕೂತರು. ಅವಳು ಒಡೆದು, ಮೊದಲ ಸಾಲಿನಿಂದ ಬೆರಳಿಟ್ಟು ಓದಿದಳು.

“ಟಿ ಎರಡು ಬಿ. ಅಂದ್ರೆ ಗಡ್ಡೆ ಅಳತೆ ಮೊದಲು ಹೇಳಿದಷ್ಟೇ. ಅಂಚಲ್ಲಿ ಏನೂ ಉಳಿದಿಲ್ಲ, ಪೂರ್ತಿ ತೆಗೆದಿದ್ದಾರೆ. ಎಂ ಸೊನ್ನೆ. ದೂರಕ್ಕೆ ಎಲ್ಲೂ ಹೋಗಿಲ್ಲ.”

“ನಡುವಿನದು ಬಿಟ್ಯಲ್ಲ,” ಎಂದರು ಮೇಸ್ತ್ರಿ.

ಅವಳು ನಿಜವಾಗಿಯೂ ಬಿಟ್ಟಿದ್ದಳು. ಕಣ್ಣು ಮೊದಲೇ ಅದನ್ನು ಓದಿ, ನಾಲಿಗೆ ದಾಟಿಸಿತ್ತು. ಅತ್ತೆಯೂ ಗಂಡನೂ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಬೆರಳನ್ನು ಹಿಂದಕ್ಕೆ ತಂದಳು.

“ಎನ್ ಒಂದು, ಮಾವ. ಹದಿನಾಲ್ಕು ಗಂಟು ನೋಡಿದ್ದಾರೆ. ಒಂದರಲ್ಲಿ ಇದೆ. ಶ್ವಾಸಕೋಶದ ಬುಡದಲ್ಲಿರೋದು. ಅದನ್ನೂ ತೆಗೆದಾಗಿದೆ. ಆದ್ರೆ ಹಂತ ಎರಡು ಎ ಅಲ್ಲ, ಎರಡು ಬಿ. ನಾವಂದ್ಕೊಂಡಿದ್ದಕ್ಕಿಂತ ಒಂದಿಷ್ಟು ಜಾಸ್ತಿ.”

“ನೂಲಿನಷ್ಟಾ?”

“ಅದಕ್ಕಿಂತ ಜಾಸ್ತಿ,” ಎಂದಳು ಸೊಸೆ. ಕಡಿಮೆ ಮಾಡಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಅತ್ತೆ ಬಿಕ್ಕಿದರು. ಮೇಸ್ತ್ರಿ ಕೈ ಎತ್ತಿ ಅವರನ್ನು ಸುಮ್ಮನಿರಿಸಿದರು. ಅವರ ಮುಖದಲ್ಲಿ ಭಯವಿತ್ತು, ಅದನ್ನು ಅವರು ಅಡಗಿಸಲೂ ಇಲ್ಲ.

“ಈಗೇನು ಮಾಡ್ಬೇಕಂತೆ?”

ರಿಪೋರ್ಟಿನ ಜೊತೆಗಿದ್ದ ಡಾಕ್ಟರಮ್ಮನ ಚೀಟಿಯನ್ನು ಸೊಸೆ ಬಿಡಿಸಿದಳು. “ಡ್ರಿಪ್ಪಲ್ಲಿ ಔಷಧಿ. ನಾಲ್ಕು ಸಲ, ಮೂರು ವಾರಕ್ಕೊಂದು. ವಾಂತಿ ಆಗ್ಬಹುದು, ಕೂದಲು ಹೋಗ್ಬಹುದು. ಉಳಿದಿದ್ದು ಎಲ್ಲಾದ್ರೂ ಅಡಗಿದ್ರೆ ಸಾಯ್ಲಿ ಅಂತ.”

“ಸತ್ತೇಹೋಗುತ್ತಾ?”

“ಹೇಳಕ್ಕಾಗಲ್ಲ ಮಾವ. ಒಳ್ಳೇ ಅವಕಾಶ ಇದೆ. ಖಾತ್ರಿ ಇಲ್ಲ.”

ಮೇಸ್ತ್ರಿ ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು, ತಮಗೆ ತಿಳಿಯದ ಅಕ್ಷರಗಳ ಮೇಲೆ ಕಣ್ಣಾಡಿಸಿ, ಮಡಚಿ ಅವಳಿಗೇ ಕೊಟ್ಟರು.

“ಮೊದಲನೇದು ಯಾವತ್ತು?”

“ಬುಧವಾರ. ಬೆಳಗ್ಗೆ.”

“ಬೆಳಗ್ಗೆ ನಿಂಗೆ ಗೋದಾಮು ಅಲ್ವಾ?”

“ಹೌದು. ಅತ್ತೆ ಬರ್ತಾರೆ, ಇವರೂ ಬರ್ತಾರೆ.”

“ಅವರು ಬರ್ಲಿ, ಕೈ ಹಿಡ್ಕೊಳ್ಳಕ್ಕೆ ಬೇಕು,” ಎಂದರು ಮೇಸ್ತ್ರಿ. “ಆದ್ರೆ ನೀನು ಪಾಳಿ ಬದಲಾಯಿಸ್ಕೋ ಮಗಳೇ. ಓದೋಳು ನೀನೇ ಇರ್ಬೇಕು.”